ಕೆಲಸ ಮುಗಿಸಬಾರದಿದ್ದ ಬಡಗಿ

ನಮ್ಮ ಪತ್ರಿಕೆಯ ನಿಧನ ಸುದ್ದಿಗೆ ಒಂದು ಅಚ್ಚು ಇದೆ. ಹೆಸರು, ವಯಸ್ಸು, ಊರು, ವೃತ್ತಿ, ಅಗಲಿದವರು, ಅಂತ್ಯಕ್ರಿಯೆ ಎಲ್ಲಿ. ಎದುರು ಮನೆಯ ಸಾವಕಾರ್ರು ತೀರಿಕೊಂಡಾಗ ಆ ಸುದ್ದಿ ಬರೆದು ಕಳಿಸಿದವನು ನಾನೇ. 'ಇಲ್ಲಿನ ಬಟ್ಟೆ ವ್ಯಾಪಾರಿ' ಎಂದು ಬರೆದೆ. 'ಪತ್ನಿ, ಪುತ್ರಿ ಇದ್ದಾರೆ' ಎಂದೂ ಬರೆದೆ. ಎರಡೂ ನಿಜ. ಆದರೆ ಕೊನೆಯ ವರ್ಷಗಳಲ್ಲಿ ಅವರು ಬಟ್ಟೆ ಮಾರುತ್ತಿರಲಿಲ್ಲ, ಮತ್ತು ಆ ಪತ್ನಿಯ ಲೆಕ್ಕದಲ್ಲಿ ಅವರು ಗಂಡನಾಗಿರಲಿಲ್ಲ. ಅಚ್ಚಿನಲ್ಲಿ ಅದಕ್ಕೆ ಜಾಗವಿಲ್ಲ. ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಹಾಕಬೇಡಿ ಎಂದು ಮಗಳು ಕೇಳಿಕೊಂಡಿದ್ದಾಳೆ, ಹಾಕುವುದಿಲ್ಲ.

ಶಿಕಾರಿಪುರದ ಪೇಟೆ ಬೀದಿಯಲ್ಲಿ ಅವರ ಅಂಗಡಿ ಇತ್ತು. ದೊಡ್ಡದಲ್ಲ. ಹಣೆಯ ಮೇಲೆ ವಿಭೂತಿ, ಹೆಗಲ ಮೇಲೆ ಅಳತೆಯ ಟೇಪು, ಕಿವಿಯ ಹಿಂದೆ ಗುರುತು ಹಾಕುವ ಸೀಮೆಸುಣ್ಣದ ಚೂರು. ಮಾತು ಕಡಿಮೆ. ಥಾನಿನ ಕೊನೆಯಲ್ಲಿ ಉಳಿದ ತುಂಡುಗಳನ್ನು ಬೇರೆ ಅಂಗಡಿಯವರು ಮೂಲೆಗೆ ಎಸೆದರೆ ಇವರು ಅವನ್ನು ಮಡಚಿ, ಹೆಬ್ಬೆರಳಿನಿಂದ ಅಂಚು ನೀವಿ, ಮುಂದಿನ ಸಾಲಿನಲ್ಲಿ ಇಡುತ್ತಿದ್ದರು. ಇದು ದಿಂಬಿನ ಚೀಲಕ್ಕೆ, ಇದು ಕೂಸಿನ ಅಂಗಿಗೆ ಎಂದು ಗಿರಾಕಿ ಕೇಳುವ ಮೊದಲೇ ಹೇಳುತ್ತಿದ್ದರು. ‘ಥಾನು ಯಾರು ಬೇಕಾದ್ರೂ ಮಾರ್ತಾರ್ರೀ. ನಾನು ಕಟ್‌ಪೀಸ್ ಮಾರಿ ಮನೆ ಕಟ್ಟಿದೋನು’ ಎನ್ನುವುದು ಅವರು ತಮ್ಮ ಬಗ್ಗೆ ಹೇಳಿಕೊಳ್ಳುತ್ತಿದ್ದ ಒಂದೇ ದೊಡ್ಡ ಮಾತು.

ಅವರ ಹೆಂಡತಿಯನ್ನು ನಮ್ಮ ಬೀದಿಯವರೆಲ್ಲ ಅಕ್ಕ ಎನ್ನುತ್ತಿದ್ದೆವು. ತವರು ಸೊರಬ ತಾಲ್ಲೂಕಿನ ಹೊಸಬಾಳೆ. ಅಕ್ಕನಿಗೆ ಮರೆವಿನ ಕಾಯಿಲೆ ಶುರುವಾದದ್ದು ಯಾರಿಗೂ ತಿಳಿಯಲಿಲ್ಲ. ಮೊದಲು ಸಾರಿಗೆ ಉಪ್ಪು ಮರೆತರು, ಆಮೇಲೆ ಹರಿಹರದಲ್ಲಿರುವ ಮಗಳ ಹೆಸರು, ಆಮೇಲೆ ನಮ್ಮ ಬೀದಿ. ಮರೆಯದೆ ಉಳಿದದ್ದು ಹೊಸಬಾಳೆಯ ಮನೆ. ಮಧ್ಯಾಹ್ನದ ಊಟವಾದ ಮೇಲೆ ಒಂದು ಚೀಲಕ್ಕೆ ಸೀರೆ ತುರುಕಿಕೊಂಡು ಬಸ್‌ಸ್ಟ್ಯಾಂಡಿಗೆ ಹೊರಟುಬಿಡುತ್ತಿದ್ದರು. ಅಪ್ಪಯ್ಯ ಕಾಯುತ್ತಿರುತ್ತಾನೆ ಎನ್ನುತ್ತಿದ್ದರು. ಆ ಅಪ್ಪಯ್ಯ ಹೋಗಿ ಯಾವ ಕಾಲವಾಗಿತ್ತೋ. ಸೊರಬದ ಬಸ್ಸಿನ ಕಂಡಕ್ಟರುಗಳಿಗೆಲ್ಲ ಗುರುತಾಗಿ, ಮೆಲ್ಲಗೆ ಇಳಿಸಿ ಕಳಿಸುತ್ತಿದ್ದರು. ಒಮ್ಮೆ ಹೊಸ ಕಂಡಕ್ಟರು ಸಿಕ್ಕಿ ಸೊರಬದವರೆಗೂ ಹೋಗಿದ್ದರು. ಇನ್ನೊಮ್ಮೆ ಬಸ್ಸಿಗೇ ಕಾಯದೆ ಸೊರಬದ ರಸ್ತೆ ಹಿಡಿದು ನಡೆದರು. ಲಾರಿಯೊಂದರ ಚಾಲಕ ಆಕೆಯನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ತಂದು ಬಿಟ್ಟ. ಬ್ರೇಕು ಹಿಡಿದದ್ದೇ ಪುಣ್ಯ ಎಂದ. ಸಾವಕಾರ್ರು ಅವನ ಕೈ ಹಿಡಿದುಕೊಂಡು ನಿಂತರು.

ಆಮೇಲೆ ಬಾಗಿಲಿಗೆ ಬೀಗ ಹಾಕಿದರು. ಅಕ್ಕ ಬಾಗಿಲಿಗೆ ಹಣೆ ಚಚ್ಚಿಕೊಂಡರು. ಆ ಹಣೆಯ ಬಾವನ್ನು ನಾನು ನೋಡಿದ್ದೇನೆ. ಮಾತ್ರೆ ಕೊಟ್ಟರೆ ದಿನವಿಡೀ ನಿದ್ದೆ, ಕೊಡದಿದ್ದರೆ ರಸ್ತೆ. ಶಿವಮೊಗ್ಗದ ವೈದ್ಯರು, ಹಳೆಯ ಪರಿಚಿತ ವಸ್ತುಗಳು ಕಣ್ಣೆದುರಿಗಿದ್ದರೆ ಸ್ವಲ್ಪ ಸಮಾಧಾನ ಆಗಬಹುದು ಎಂದು ಹೇಳಿದ್ದರಂತೆ. ಆಗಬಹುದು ಎಂದಷ್ಟೇ. ಸಾವಕಾರ್ರು ಅದನ್ನೇ ಹಿಡಿದುಕೊಂಡರು. ಅಂಗಡಿ ಮುಚ್ಚಿದರು.

ಅದೇ ಹೊತ್ತಿಗೆ ಹೊಸಬಾಳೆಯಲ್ಲಿ ಅಕ್ಕನ ತಮ್ಮ ಹಳೆಯ ಮನೆ ಕೆಡವಿ ತಾರಸಿ ಮನೆ ಕಟ್ಟಿಸುತ್ತಿದ್ದ. ಚೆನ್ನಾಗಿದ್ದ ತೊಲೆ, ಕಂಬಗಳು ಮಾರಾಟವಾಗಿ ಹೋಗಿದ್ದವು. ಉಳಿದದ್ದು ಕೊಟ್ಟಿಗೆಯ ಹಿಂದೆ ರಾಶಿ ಬಿದ್ದಿತ್ತು. ಗೆದ್ದಲು ಹಿಡಿದ ಜಂತೆ, ಸೀಳಿದ ಬಾಗಿಲ ಹಲಗೆ, ಮರದ ಸರಳಿನ ಕಿಟಕಿ, ಅಟ್ಟದ ಏಣಿ, ಬಟ್ಟೆ ನೇತುಹಾಕುವ ಗೂಟಗಳು. ಎಲ್ಲ ಬಚ್ಚಲೊಲೆಗೆ ಎಂದು ಇಟ್ಟದ್ದು. ಸಾವಕಾರ್ರು ಅದನ್ನು ತರಲು ಹೊರಟ ದಿನ ಸೊರಬದಲ್ಲಿ ನನಗೂ ವರದಿಯ ಕೆಲಸವಿತ್ತು, ಅವರ ಲಗೇಜು ಗಾಡಿಯಲ್ಲೇ ಹೋದೆ. ಸಾವಕಾರ್ರು ಒಂದೊಂದೇ ತುಂಡನ್ನೆತ್ತಿ ಹೆಬ್ಬೆರಳಿನಿಂದ ಅಂಚು ನೀವಿ ಗಾಡಿಗೆ ಇಡುತ್ತಿದ್ದರು. ಕೊಟ್ಟಿಗೆಯ ಒಳಗೆ ಗೋಡೆಗೆ ಒರಗಿಸಿದ್ದ ಹೊಸ್ತಿಲ ಮರಕ್ಕೆ ಕೈ ಹಾಕಿದಾಗ ಭಾವಮೈದುನ ತಡೆದ.

"ಭಾವ, ಅದೊಂದು ಬಿಡಿ. ಹೆಣ್ಣು ಕೊಟ್ಟ ಮನಿಗೆ ತವರಿನ ಹೊಸ್ಲು ಹೋಗಬಾರ್ದು. ನಮ್ಮಲ್ಲಿ ಹಂಗೆ ಮಾಡಲ್ಲ."

"ಯಾಕಂತೆ?"

"ಯಾಕೆ ಅಂತ ನಂಗೂ ಯಾರೂ ಹೇಳಿಲ್ಲ. ಮಾಡಲ್ಲ, ಅಷ್ಟೆ."

"ಒಲೀಗೂ ಹಾಕಾಂಗಿಲ್ಲ, ಕೊಡಾಂಗೂ ಇಲ್ಲ. ಮತ್ತೆ ಗೆದ್ಲು ತಿನ್ಲಿ ಅಂತ ಇಟ್ಟೀರೇನು?" ಎಂದು ಸಾವಕಾರ್ರು ಅದನ್ನೂ ಗಾಡಿಗೆ ಹಾಕಿಸಿದರು. ಗಾಡಿ ಹೊರಟಾಗ ಭಾವಮೈದುನ ಕಣ್ಣು ಬೇರೆ ಕಡೆ ತಿರುಗಿಸಿದ.

ಮರಗೆಲಸ ಅವರಿಗೆ ಬರುತ್ತಿರಲಿಲ್ಲ. ಪೇಟೆಯ ಒಬ್ಬ ಬಡಗಿಯ ಹತ್ತಿರ ಕೂತು ಕಲಿತರು. ಮೊದಮೊದಲು ಮಾಡಿದ್ದೆಲ್ಲ ದೊಡ್ಡದಾಗುತ್ತಿತ್ತು. ಬಟ್ಟೆಯಲ್ಲಿ ಹೊಲಿಗೆಗೆಂದು ಬಿಡುವ ಹಾಗೆ ಮರದಲ್ಲೂ ಎಲ್ಲ ಕಡೆ ಎರಡು ಬೆರಳು ಬಿಟ್ಟು ಕೊಯ್ಯುತ್ತಿದ್ದರು. ಗೋಡೆಯ ಗೂಡಿಗೆಂದು ಮಾಡಿದ ಕಪಾಟು ಗೂಡಿಗೆ ಹಿಡಿಸದೆ ಜಗುಲಿಯಲ್ಲೇ ಉಳಿಯಿತು. ಆದರೆ ಬೇಗ ಕಲಿತರು. ಕಿಟಕಿಯ ಸರಳುಗಳು ತಟ್ಟೆ ನಿಲ್ಲಿಸುವ ಚೌಕಟ್ಟಾದವು. ಬಾಗಿಲ ಹಲಗೆ ಡಬ್ಬಿ ಇಡುವ ಅಡ್ಡಹಲಗೆಯಾಯಿತು. ಏಣಿಯನ್ನು ಗೋಡೆಗೆ ಅಡ್ಡಡ್ಡ ಹಾಕಿ ಸೀರೆ ಹರವಲು ಮಾಡಿದರು. ಮೊಳೆಯ ತೂತುಗಳಿಗೆ ಮರದ ಹುಡಿಯನ್ನು ಅಂಟಿನಲ್ಲಿ ಕಲಸಿ ತುಂಬುತ್ತಿದ್ದರು. ಗೆದ್ದಲು ತಿಂದ ಗೆರೆಗಳನ್ನು ಮಾತ್ರ ಹಾಗೇ ಬಿಟ್ಟು ಅಗಸೆ ಎಣ್ಣೆ ಒರೆಸುತ್ತಿದ್ದರು. ಒಣಗಿದ ಮೇಲೆ ಅದು ಅಚ್ಚು ಹಾಕಿದ ಬಟ್ಟೆಯ ಹಾಗೆ ಕಾಣುತ್ತಿತ್ತು.

ಇದರ ನಡುವೆ ಹೊಸ್ತಿಲನ್ನೂ ಕೂರಿಸಿದರು. ತಮ್ಮ ಮನೆಯ ಸಿಮೆಂಟಿನ ಹೊಸ್ತಿಲನ್ನು ಒಡೆಸಿ, ಆ ಮರ ಇಟ್ಟು, ಗಾರೆ ಮಾಡಿಸಿದರು. ಅಕ್ಕ ಹೊರಬಂದು ನೋಡಿದರಂತೆ. ಒಳಗೆ ಹೋಗಿ ನೀರು ತಂದು ತೊಳೆದು, ಅರಿಶಿನ ಹಚ್ಚಿ, ಕುಂಕುಮ ಇಟ್ಟು, ಎಳೆ ರಂಗೋಲಿ ಹಾಕಿ, ಪಕ್ಕದಲ್ಲೇ ಕೂತರಂತೆ. ಬಸ್ಸಿನ ಹೊತ್ತು ಬಂತು, ಹೋಯಿತು. ಚೀಲ ಕೇಳಲಿಲ್ಲ. ಸಂಜೆ ಸಾವಕಾರ್ರು ನಮ್ಮ ಕಟ್ಟೆಗೆ ಬಂದರು. "ನಿಂತ್ಲು ರೀ," ಎಂದರು. ಕಟ್ಟೆಯ ಮೇಲೆ ಕೂತು ಮತ್ತೆ, "ನಿಂತ್ಲು."

ಅದಾದ ಕೆಲವೇ ದಿನಗಳಲ್ಲಿ ಆದದ್ದೇನು ಎಂದು ತಿಳಿಯಿತು. ಅಂಗಿ ತೆಗೆದು ಗೂಟಕ್ಕೆ ಹಾಕಲು ಒಳಗೆ ಹೋದ ಗಂಡನನ್ನು ಕಂಡು ಅಕ್ಕ ಸೆರಗು ತಲೆಗೆ ಎಳೆದುಕೊಂಡರು.

"ಆಚಾರ್ರೆ, ಒಳಗ್ಯಾಕೆ ಬಂದ್ರಿ? ಕೆಲಸ ಜಗ್ಲೀಲಿ ಅಲ್ವಾ?"

ಅಕ್ಕ ತವರಿಗೆ ತಲುಪಿದ್ದರು. ತವರಿಗೆ ಬಂದ ಮಗಳು ತಾನಾಗಿ ಹೊರಡುವುದಿಲ್ಲ. ಗಂಡ ಬಂದು ಕರೆಯಬೇಕು, ತಾಯಿ ಉಡಿ ತುಂಬಬೇಕು, ಆಮೇಲೆ ಹೊರಡುವುದು. ಅಲ್ಲಿಯವರೆಗೆ ಕಾಯುವುದರಲ್ಲಿ ದುಃಖವೇನೂ ಇಲ್ಲ. ಅಕ್ಕ ನೆಮ್ಮದಿಯಾಗಿ ಕಾಯತೊಡಗಿದರು. ಮನೆಯಲ್ಲಿ ದಿನವೂ ಉಳಿ, ಕೀಸುಳಿ ಹಿಡಿದು ಕೂತಿರುವ ಮನುಷ್ಯ ಬಡಗಿಯಲ್ಲದೆ ಇನ್ನು ಯಾರಾಗಲು ಸಾಧ್ಯ? ಗಂಡನಂತೂ ಶಿಕಾರಿಪುರದಲ್ಲಿ ಬಟ್ಟೆ ಅಂಗಡಿಯಲ್ಲಿದ್ದಾನೆ. ಹಬ್ಬದ ವ್ಯಾಪಾರ, ಬಿಡುವಾಗಿಲ್ಲ. ಇದನ್ನು ಅಕ್ಕ ನನಗೂ ಹೇಳಿದ್ದಾರೆ.

ಹೊಸಬಾಳೆಯ ಆ ಮನೆಯಲ್ಲಿ ಕೆಲಸಕ್ಕೆ ಬಂದವರಿಗೆ ಬೇರೆ ಲೋಟ ಇತ್ತು. ಅಕ್ಕನ ಕೈ ಅದನ್ನು ಮರೆತಿರಲಿಲ್ಲ. ಒಂದು ಹಳೆಯ ಸ್ಟೀಲು ಲೋಟವನ್ನು ಜಗುಲಿಯ ಮೂಲೆಯಲ್ಲಿ ಮಗುಚಿ ಇಟ್ಟರು. ಚಹಾ ತಂದು ಮೇಲಿನಿಂದ ಸುರಿಯುತ್ತಿದ್ದರು. ಸಾವಕಾರ್ರು ಕುಡಿದು, ತಾವೇ ತೊಳೆದು, ಮತ್ತೆ ಮಗುಚಿ ಇಡುತ್ತಿದ್ದರು. ಊಟ ಜಗುಲಿಯಲ್ಲೇ, ಎಲೆಯ ಮೇಲೆ. ಬೀದಿಯವರು ನೋಡುತ್ತಿದ್ದರು. ತಮ್ಮ ಮನೆಯಲ್ಲೂ ಅಂಥ ಲೋಟ ಇದ್ದವರು ನೋಡಲಾರದೆ ಮುಖ ತಿರುಗಿಸಿದರು. ಸಾವಕಾರ್ರು ಒಮ್ಮೆ ನನಗೆ ಹೇಳಿದ್ದು ಇಷ್ಟೆ: ಅಂಗಡಿಗೆ ಪೆಟ್ಟಿಗೆ ಹೊತ್ತು ತರುತ್ತಿದ್ದ ಹಮಾಲನಿಗೆ ತಾವೂ ಬೇರೆ ಲೋಟವನ್ನೇ ಇಟ್ಟಿದ್ದರಂತೆ, ಅದನ್ನು ಕೈಯಲ್ಲಿ ಹಿಡಿದರೆ ಹೇಗಿರುತ್ತದೆಂದು ಯಾವತ್ತೂ ಹಿಡಿದು ನೋಡಿರಲಿಲ್ಲವಂತೆ.

ಕತ್ತಲಾಗುವ ಮೊದಲು ಕೆಲಸದವರು ಹೊರಡಬೇಕು. ದೀಪ ಹಚ್ಚುವ ಹೊತ್ತಿಗೆ ಅಕ್ಕ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. "ಕತ್ಲಾತು ಆಚಾರ್ರೆ, ಇನ್ನು ಹೊರಡ್ರಿ." ಸಾವಕಾರ್ರು ಉಳಿಗಳನ್ನು ಚೀಲಕ್ಕೆ ಹಾಕಿಕೊಂಡು ಬೀದಿ ದಾಟಿ ನಮ್ಮ ಕಟ್ಟೆಯ ಮೇಲೆ ಬಂದು ಕೂರುತ್ತಿದ್ದರು. ಅಡುಗೆಗೆ ಬರುತ್ತಿದ್ದ ಹೆಂಗಸು ಅಕ್ಕನನ್ನು ಮಲಗಿಸಿ ಸನ್ನೆ ಮಾಡಿದ ಮೇಲೆ ಹಿತ್ತಲ ಬಾಗಿಲಿನಿಂದ ಒಳಗೆ ಹೋಗಿ ಅಡುಗೆ ಮನೆಯಲ್ಲಿ ಮಲಗುವುದು. ಬೆಳಕು ಹರಿಯುವ ಮೊದಲೇ ಹಿತ್ತಲಿನಿಂದಲೇ ಹೊರಬಿದ್ದು, ಮುಂದಿನಿಂದ ಚೀಲ ಹಿಡಿದು ಬರುವುದು.

ಬೀದಿಯ ಕೊನೆಯ ಬೀಡಾ ಅಂಗಡಿಯವನು ಒಮ್ಮೆ ಕೂಗಿ ಕೇಳಿದ, "ಏನ್ ಸಾವಕಾರ್ರೆ, ಸ್ವಂತ ಮನೀಗೇ ಕೂಲಿಗೆ ಹೊಂಟ್ರಲ್ಲ?"

"ಹೌದಪ್ಪ. ಈ ವಯಸ್ಸಿಗೆ ಬ್ಯಾರೆ ಯಾರು ಕೆಲಸ ಕೊಡ್ತಾರೆ?" ಎಂದು ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು ನಡೆದರು.

ಬಡಗಿಯಾಗಿ ಅವರಿಗೆ ಸಿಕ್ಕಿದ್ದು ಗಂಡನಾಗಿ ಸಿಗದಿದ್ದ ಮಾತು. ಅಕ್ಕ ಹೊಸ್ತಿಲ ಆಚೆ ಕೂತು ಅಕ್ಕಿ ಆರಿಸುತ್ತಾ ಗಂಡನ ಸುದ್ದಿ ಹೇಳುತ್ತಿದ್ದರು. ನಿಮ್ಮ ಮನೆಯವರು ಹೇಗೆ ಎಂದು ಒಮ್ಮೆ ಸಾವಕಾರ್ರೇ ಕೇಳಿದ್ದರಂತೆ. "ಒಳ್ಳೇರೆ. ಮಾತು ಕಮ್ಮಿ. ಸೀರೆ ತರ್ತಾರೆ, ಯಾವ ಬಣ್ಣ ಬೇಕು ಅಂತ ನನ್ನ ಕೇಳಲ್ಲ" ಎಂದಿದ್ದರಂತೆ. ಆ ಸಂಜೆ ನಮ್ಮ ಕಟ್ಟೆಯ ಮೇಲೆ ಸಾವಕಾರ್ರು ಹೇಳಿದರು: "ಅಂಗಡೀಗೆ ಬಂದೋರ್ನೆಲ್ಲ ಕೇಳ್ತಿದ್ದೆ ರೀ, ಯಾವ ಬಣ್ಣ ತೋರಿಸ್ಲಿ ಅಂತ. ಇವಳೊಬ್ಬಳ್ನ ಕೇಳಲಿಲ್ಲ ನೋಡ್ರಿ."

ಹೊಸಬಾಳೆಯಿಂದ ತಂದ ಮರವೆಲ್ಲ ತೀರಿದ ದಿನ ಅವರು ಜಗುಲಿ ಗುಡಿಸಿದರು. ಅದೇ ತಪ್ಪಾಯಿತು. ಕೆಲಸ ಮುಗಿಯಿತಲ್ಲ, ನಾಳೆಯಿಂದ ಬರುವುದು ಬೇಡ ಎಂದು ಅಕ್ಕ ಹೇಳಿದರು. ಮರುದಿನ ಅಡುಗೆಯ ಹೆಂಗಸು ತಡವಾಗಿ ಬಂದಳು. ಅಕ್ಕ ಮುಂದಿನ, ಹಿತ್ತಲ ಎರಡೂ ಬಾಗಿಲುಗಳಿಗೆ ಒಳಗಿನಿಂದ ಚಿಲಕ ಹಾಕಿ, ಒಲೆಯ ಮೇಲೆ ಹಾಲಿಟ್ಟು ಮರೆತಿದ್ದರು. ಕಿಟಕಿಯಿಂದ ಹೊಗೆ ಬರುತ್ತಿತ್ತು. ಸಾವಕಾರ್ರು ಹೊರಗೆ ನಿಂತು ಎಷ್ಟು ಕೂಗಿದರೂ ಅಪರಿಚಿತ ಗಂಡಸಿಗೆ ಅಕ್ಕ ಬಾಗಿಲು ತೆಗೆಯಲಿಲ್ಲ. ಕೊನೆಗೆ ನಾವು ಹಿತ್ತಲ ಕಡೆ ಹೆಂಚು ಸರಿಸಿ ಒಬ್ಬರನ್ನು ಇಳಿಸಿದೆವು. ಅಕ್ಕನಿಗೆ ಏನೂ ಆಗಿರಲಿಲ್ಲ. ಆ ದಿನದಿಂದ ಸಾವಕಾರ್ರಿಗೆ ಒಂದೇ ಚಿಂತೆ: ಕೆಲಸ ಮುಗಿಯಬಾರದು. ಮುಗಿದರೆ ಮನೆಯೊಳಗೆ ಅಕ್ಕ ಒಬ್ಬರೇ.

ಮರ ಹುಡುಕುವುದು ಶುರುವಾಯಿತು. ಗುಜರಿ ಅಂಗಡಿಯ ಮುರಿದ ಬಾಗಿಲು, ಟೈಲ್ಸ್ ಬಂದ ಪೆಟ್ಟಿಗೆಗಳು, ಶಾಲೆಯವರು ಎಸೆದ ಬೆಂಚು, ಟ್ರ್ಯಾಕ್ಟರು ಬಂದ ಮೇಲೆ ಉಡುತಡಿಯ ರೈತರು ಬಿಸಾಡಿದ ನೊಗ, ನೇಗಿಲು. ಕಟ್‌ಪೀಸ್ ಸಿಕ್ಕಿತು ಎಂದು ತರುತ್ತಿದ್ದರು. ನೊಗದಿಂದ ಗೋಡೆಯಲ್ಲಿ ದೀಪ ತೂಗುಹಾಕುವ ತೋಳು ಮಾಡಿದರು. ಬೆಂಚಿನ ಹಲಗೆಯಿಂದ ರೊಟ್ಟಿ ಬಡಿಯುವ ಹಲಗೆ, ಪೆಟ್ಟಿಗೆಯ ಪಟ್ಟಿಗಳಿಂದ ಮಕ್ಕಳು ಓದುವ ಇಳಿಜಾರು ಮೇಜು. ಒಳಗೆ ಜಾಗ ಸಾಲದೆ ಬೀದಿಯವರಿಗೆ ಹಂಚಿದರು. ಈಗಲೂ ನಮ್ಮ ಬೀದಿಯಲ್ಲಿ ಅವರು ಮಾಡಿದ ಏನಾದರೊಂದು ಇಲ್ಲದ ಮನೆಯಿಲ್ಲ. ನಾನು ಫೋಟೊ ಸಮೇತ ಒಂದು ವರದಿ ಬರೆದೆ, ಎಸೆದ ಮರಕ್ಕೆ ಮರುಜೀವ ಎಂಬಂಥದ್ದು. ಮನೆಯ ಒಳಗಿನ ಸಂಗತಿ ಅವರು ಬೇಡವೆಂದಿದ್ದರಿಂದ ಅದರಲ್ಲಿ ಇರಲಿಲ್ಲ. ವರದಿ ಓದಿ ಶಿವಮೊಗ್ಗದಿಂದ ಒಳಾಂಗಣ ಅಲಂಕಾರದವನೊಬ್ಬ ಕಾರಿನಲ್ಲಿ ಬಂದ. ಒಂದೇ ತರಹದ್ದು ಹಲವು ಬೇಕು, ಇಂಥ ತಾರೀಖಿಗೆ ಬೇಕು ಎಂದ.

"ಮುಗಿಸಿ ಕೊಡೋ ಕೆಲಸ ನಂಗ ಬ್ಯಾಡ್ರಿ," ಎಂದು ಸಾವಕಾರ್ರು ಕಳಿಸಿಬಿಟ್ಟರು. ಅವನಿಗೆ ಅರ್ಥವಾಗಲಿಲ್ಲ.

ಹರಿಹರದಿಂದ ಬಂದ ಮಗಳು ಇದನ್ನೆಲ್ಲ ನೋಡಿ ಅತ್ತಳು. ಅಮ್ಮನನ್ನು ತನ್ನ ಮನೆಗೆ ಕಳಿಸಿ ಎಂದಳು. ಒಮ್ಮೆ ಕರೆದೊಯ್ದೂ ನೋಡಿದಳು. ಅಲ್ಲಿ ಮತ್ತೆ ಚೀಲ, ಮತ್ತೆ ರಸ್ತೆ, ಅದೂ ಹೆದ್ದಾರಿ. ವಾಪಸು ತಂದು ಬಿಟ್ಟಳು. ಆಮೇಲೆ ಅವಳೇ ಒಂದು ಉಪಾಯ ಹೇಳಿದಳು: ಅಮ್ಮ ಕಾಯುತ್ತಿರುವುದು ಗಂಡನಿಗೆ ತಾನೆ, ಗಂಡನಾಗಿಯೇ ಬಂದುಬಿಡಿ.

ಸಾವಕಾರ್ರು ಆ ದಿನ ಕ್ಷೌರ ಮಾಡಿಸಿಕೊಂಡರು. ಇಸ್ತ್ರಿ ಮಾಡಿದ ಬಿಳಿ ಪಂಚೆ, ಜುಬ್ಬ, ಹೆಗಲಿಗೆ ಶಲ್ಯ. ಕೈಯಲ್ಲಿ ಬಾಳೆಹಣ್ಣು, ಮಲ್ಲಿಗೆ ಹೂವು, ಒಂದು ಹೊಸ ಸೀರೆ. ಸೀರೆಯ ಬಣ್ಣ ಯಾವುದಿರಲಿ ಎಂದು ಹಿಂದಿನ ದಿನ ಬಡಗಿಯಾಗಿ ಮಾತಿನ ನಡುವೆ ಕೇಳಿ ತಿಳಿದುಕೊಂಡಿದ್ದರು. ಬೀದಿಯ ಆ ಕೊನೆಯಿಂದ ನಡೆದು ಬಂದರು. ನಾವೆಲ್ಲ ಬಾಗಿಲ ಮರೆಯಲ್ಲಿ ನಿಂತಿದ್ದೆವು. ಮಗಳು ಒಳಗೆ ಹೋಗಿ, ನಿಮ್ಮ ಮನೆಯವರು ಬಂದಿದ್ದಾರೆ ನೋಡಿ ಎಂದಳು. ಅಕ್ಕ ಕೂದಲು ಸರಿಮಾಡಿಕೊಂಡು, ಒಂದು ತಂಬಿಗೆ ನೀರು ಹಿಡಿದು ಓಡಿ ಬಂದರು. ಹೊಸ್ತಿಲ ಹತ್ತಿರ ನಿಂತು ನೋಡಿದರು.

"ಇವರಲ್ಲ."

ಸಾವಕಾರ್ರು ಅಕ್ಕನ ಹೆಸರು ಹಿಡಿದು ಕರೆದರು. ನಾನು ಅವರ ಬಾಯಲ್ಲಿ ಆ ಹೆಸರು ಕೇಳಿದ್ದು ಅದೇ ಮೊದಲು. ಮೂವತ್ತರ ಗಂಡನನ್ನು ಕಾಯುತ್ತಿದ್ದ ಅಕ್ಕನ ಮುಂದೆ ಬಿಳಿ ಕೂದಲಿನ ಮುದುಕ ನಿಂತಿದ್ದ. ತಂಬಿಗೆ ಕೈಯಿಂದ ಬಿತ್ತು. ಬಾಗಿಲ ಹಿಂದೆ ಸರಿದು ಬೀದಿಯ ಕಡೆ ಮುಖ ಮಾಡಿ ಕೂಗಿದರು: "ಆಚಾರ್ರೆ, ಎಲ್ಲಿದೀರಿ? ಯಾರೋ ಬಂದಾರೆ, ಬರ್ರಿ ಬೇಗ."

ಸಾವಕಾರ್ರು ಬೀದಿ ದಾಟಿ ನಮ್ಮ ಕಡೆ ಬಂದರು. ಹಣ್ಣು ಹೂವು ಸೀರೆಯನ್ನು ನನ್ನ ಕೈಗಿತ್ತು, ಶಲ್ಯ, ಜುಬ್ಬ ಬಿಚ್ಚಿ ನಮ್ಮ ಕಟ್ಟೆಯ ಮೇಲೆ ಎಸೆದು, ಅಲ್ಲೇ ಇಟ್ಟಿದ್ದ ಉಳಿಯ ಚೀಲ ಎತ್ತಿಕೊಂಡು ಮತ್ತೆ ಬೀದಿ ದಾಟಿ ಮನೆಯ ಪಕ್ಕದ ಓಣಿಯಿಂದ ಓಡಿ ಬಂದರು. ಆ ವಯಸ್ಸಿನವರು ಹಾಗೆ ಓಡಿದ್ದನ್ನು ನಾನು ಕಂಡಿಲ್ಲ.

"ಹೋದ್ರು ಅಕ್ಕಾ. ನಾನು ಕಳಿಸ್ದೆ. ಹೆದರ್ಬ್ಯಾಡ್ರಿ."

ಹೊಸ್ತಿಲು ಕಿತ್ತುಬಿಡಿ ಎಂದು ನಾನು ಆ ಸಂಜೆ ಹೇಳಿದೆ. ಅವರು ಸಿಟ್ಟಾದದ್ದು ಅದೊಂದೇ ಸಲ. "ಕೀಳಾಕ ಎಷ್ಟೊತ್ತು ರೀ? ಕಿತ್ತ ಮರುದಿನ ಆ ಲಾರಿ ರಸ್ತ್ಯಾಗ ಯಾರು ನಿಲ್ತೀರಿ, ನೀವಾ?" ಎಂದರು. ಆಮೇಲೆ ಮೆಲ್ಲಗೆ, "ಹೆದರಿಕೆ ಆದಾಗ ನನ್ನನ್ನೇ ಕರದ್ಲಲ್ರೀ. ಅಷ್ಟು ಸಾಕು," ಎಂದರು. ಸಾಕಾಗಿರಲಿಲ್ಲ ಎಂದು ಅವರ ಮುಖ ಹೇಳುತ್ತಿತ್ತು.

ಮರದ ಹುಡಿ ಅವರ ಎದೆಗೆ ಇಳಿದಿತ್ತು. ಉಸಿರು ಎಳೆಯುವಾಗ ಸಿಳ್ಳೆಯ ಸದ್ದು. ಗರಗಸ ಮುಟ್ಟಬೇಡಿ ಎಂದು ವೈದ್ಯರು ಕಟ್ಟುನಿಟ್ಟಾಗಿ ಹೇಳಿದರು. ಮರ ತರುವ ಶಕ್ತಿಯೂ ಹೋಯಿತು. ಆಗ ಅವರು ಕಂಡುಕೊಂಡ ದಾರಿ ಇದು: ಮಾಡಿದ್ದನ್ನೇ ಬಿಚ್ಚುವುದು. ಚೆಂದದ ಕಪಾಟನ್ನು ಕೀಲು ಕೀಲಾಗಿ ಬಿಡಿಸಿ, ಹಲಗೆಗಳನ್ನು ಹರವಿ, ಒರೆಸಿ, ಮತ್ತೆ ಜೋಡಿಸುವುದು. ಬಿಚ್ಚಿ ಬಿಚ್ಚಿ ಕೀಲುಗಳು ಸಡಿಲವಾದವು. ಬೀದಿಯವರ ಮನೆಗಳಿಗೆ ಹೋಗಿ, ಕೊಟ್ಟಿದ್ದನ್ನೇ ರಿಪೇರಿಗೆ ಕೊಡಿ ಎಂದು ಕೇಳಿ ತಂದರು. ನಾವು ಏನೂ ಕೆಡದಿದ್ದ ಸಾಮಾನನ್ನೇ ಕೊಟ್ಟೆವು. ಕೊನೆಕೊನೆಗೆ ಅದಕ್ಕೂ ಕೈ ಸೋತು, ಪಾಲಿಶ್ ಕಾಗದ ಹಿಡಿದು ಒಂದೇ ಹಲಗೆಯನ್ನು ತಿಕ್ಕುತ್ತಾ ಕೂತಿರುತ್ತಿದ್ದರು. ಕೈ ನಿಂತರೆ ಅಕ್ಕ ಬಾಗಿಲ ಕಡೆ ನೋಡುತ್ತಿದ್ದರು, ಆ ನೋಟಕ್ಕೆ ಹೆದರಿ ಕೈ ಮತ್ತೆ ಓಡುತ್ತಿತ್ತು. ಕೆಲಸ ಇನ್ನೂ ಎಷ್ಟಿದೆ ಎಂದು ಅಕ್ಕ ಕೇಳಿದರೆ, ಇನ್ನೂ ಬಹಳ ಇದೆ ಎನ್ನುತ್ತಿದ್ದರು.

ಆ ದಿನ ನಾನು ತಾಲ್ಲೂಕು ಕಚೇರಿಯ ಸಭೆ ಮುಗಿಸಿ ಬರುವಾಗ ಬೀದಿ ದೀಪ ಹೊತ್ತಿಕೊಳ್ಳುತ್ತಿತ್ತು. ಸಾವಕಾರ್ರು ಜಗುಲಿಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ತೊಡೆಯ ಮೇಲೆ ಯಾರದೋ ಮನೆಯ ರೊಟ್ಟಿ ಹಲಗೆ, ಬೆರಳ ನಡುವೆ ಪಾಲಿಶ್ ಕಾಗದ. ತಲೆ ಒಂದು ಕಡೆಗೆ ವಾಲಿತ್ತು. ವೃತ್ತಿಯಲ್ಲಿ ಅಂಥ ವಾಲಿದ ತಲೆಗಳನ್ನು ಬಹಳ ನೋಡಿದ್ದೇನೆ. ಮೆಟ್ಟಿಲು ಹತ್ತಿ ಕೈ ಮುಟ್ಟಿದೆ. ತಣ್ಣಗಿತ್ತು.

ಅಕ್ಕ ಬಾಗಿಲಲ್ಲಿ ನಿಂತಿದ್ದರು. ತುಟಿಯ ಮೇಲೆ ಬೆರಳಿಟ್ಟು ನನ್ನನ್ನು ತಡೆದರು.

"ಎಬ್ಬಿಸ್ಬ್ಯಾಡ್ರಿ," ಎಂದರು ಪಿಸುದನಿಯಲ್ಲಿ. "ಪಾಪ, ಬೆಳಗಿಂದ ಒಂದೇ ಸಮ ಕೆಲಸ. ಈ ಕತ್ಲಲ್ಲಿ ಇನ್ನೆಲ್ಲಿಗೆ ಹೋಗ್ತಾರೆ? ಇವತ್ತು ಇಲ್ಲೇ ಮಲಗ್ಲಿ. ಅಪ್ಪಯ್ಯ ಬಂದ್ರೆ ನಾನು ಹೇಳ್ತೀನಿ."

ಒಳಗೆ ಹೋಗಿ, ತಮ್ಮ ಮಂಚದ ಮೇಲಿದ್ದ ದಿಂಬನ್ನು ತಂದು, ಅವರ ತಲೆಯ ಹಿಂದೆ ಸದ್ದಾಗದಂತೆ ಇಟ್ಟರು.